ಫ್ರೈಬುರ್ಗಿನ ಕಾಡಿನಲ್ಲಿ ನನ್ನ ಚಾಕು ಪರೀಕ್ಷೆ

ಸಿದ್ಧಕಟ್ಟೆ

ಜರ್ಮನಿಗೆ ಹೊರಟವಳ ಕೈಚೀಲದಲ್ಲಿ ಎರಡು ಸ್ಲೇಟು, ಒಂದು ಪೆಟ್ಟಿಗೆ ಬಳಪದ ಕಡ್ಡಿ ಕಂಡು ವಿಮಾನ ನಿಲ್ದಾಣದ ತಪಾಸಣೆಯ ಹುಡುಗಿ ತಬ್ಬಿಬ್ಬಾದಳು. ಕಡ್ಡಿಯ ಪೆಟ್ಟಿಗೆಯನ್ನು ಇನ್ನೊಮ್ಮೆ ಯಂತ್ರದೊಳಗೆ ಕಳಿಸಿ, "ಇದರಲ್ಲಿ ಎಂತ ಉಂಟು ಅಮ್ಮ?" ಎಂದು ಕೇಳಿದಳು. "ಅ ಆ ಇ ಈ ಉಂಟು" ಎಂದೆ. ಅವಳಿಗೆ ನಗು ಬರಲಿಲ್ಲ. ನಗುವ ಹೊತ್ತೂ ಅದಲ್ಲ ಬಿಡಿ, ನನ್ನ ಹಿಂದೆ ಅಷ್ಟುದ್ದ ಸಾಲಿತ್ತು.

ನಾನು ಸಿದ್ಧಕಟ್ಟೆ ಕಡೆ ಅಂಗನವಾಡಿ ಟೀಚರ್ ಆಗಿದ್ದವಳು. ಮೂಗು ಸುರಿಸಿಕೊಂಡು ಬರುತ್ತಿದ್ದ ಮಕ್ಕಳು ನನ್ನ ಹತ್ತಿರ ಹಾಡಿ, ಕುಣಿದು, ಉಂಡು, ಮಲಗಿ, ಕೊನೆಗೆ ನಾಲ್ಕಕ್ಷರ ಕಲಿತು ಶಾಲೆಗೆ ಹೋಗುತ್ತಿದ್ದರು. ನಿವೃತ್ತಿಯಾಗಿ ಮನೆಯಲ್ಲಿ ಕೂತು, ಬೈಯಲು ಯಾರೂ ಇಲ್ಲದೆ ಬೇಜಾರು ಹಿಡಿದಿದ್ದಾಗ ನನ್ನ ತಂಗಿಯ ಮಗಳು ಸುಚಿತ್ರಾ ಫೋನು ಮಾಡಿದಳು. ಅವಳು ಜರ್ಮನಿಯ ಫ್ರೈಬುರ್ಗ್ ಎಂಬ ಊರಿನ ಆಸ್ಪತ್ರೆಯಲ್ಲಿ ನರ್ಸ್. ಅವಳ ಗಂಡ ಆಗಲೇ ಊರಿಗೆ ಬಂದು ಮೂಡುಬಿದಿರೆಯಲ್ಲಿ ಮೆಡಿಕಲ್ ಶಾಪ್ ತೆರೆದಿದ್ದ.

"ಮೇಯಲ್ಲಿ ನಾವೂ ಬರ್ತೇವೆ ದೊಡ್ಡಮ್ಮ. ಮಗಳು ಇಳಾಳನ್ನು ಮೂಡುಬಿದಿರೆಯಲ್ಲಿ ಯುಕೆಜಿಗೆ ಹಾಕ್ಬೇಕು. ಸೀಟು ಕೊಡುವ ಮೊದಲು ಮಕ್ಕಳನ್ನು ಕೂರಿಸಿ ಬರೆಸಿ ನೋಡ್ತಾರಂತೆ. ಇವಳಿಗೆ ಒಂದಕ್ಷರ ಬರುವುದಿಲ್ಲ. ಅಮ್ಮನಿಗೆ ಮಂಡಿನೋವು, ಬೆಳ್ತಂಗಡಿ ಬಿಟ್ಟು ಎಲ್ಲಿಗೂ ಬರುವುದಿಲ್ಲ. ನೀವೇ ಬಂದು ಕಲಿಸಿ."

"ಐದೂವರೆ ಆಯ್ತಲ್ಲ ಮಾರಾಯ್ತಿ ಅವಳಿಗೆ. ಇಷ್ಟು ದಿನ ಶಾಲೆಗೆ ಹೋಗಿ ಎಂತ ಮಾಡ್ತಾ ಇದ್ದಳು?"

"ಶಾಲೆಗಲ್ಲ, ಕಾಡಿಗೆ ಹೋಗ್ತಾಳೆ."

ಮಗುವನ್ನು ಕಾಡಿಗೆ ಕಳಿಸುವ ತಾಯಿಗೆ ಫೋನಿನಲ್ಲಿ ಎಷ್ಟು ಬೈದರೂ ಸಾಲದು ಅನ್ನಿಸಿತು. ಅದಕ್ಕೇ ಹೊರಟೆ. ಸೀಟು ಸಿಕ್ಕದಿದ್ದರೆ ನನ್ನ ಹೆಸರು ತೆಗೆದು ಬೇರೆ ಹೆಸರಿಡು ಎಂದೂ ಹೇಳಿಬಿಟ್ಟೆ.

ಮೂರನೇ ಮಹಡಿ

ಫ್ರೈಬುರ್ಗಿನಲ್ಲಿ ಮೊದಲು ಕಿವಿಗೆ ಬಿದ್ದದ್ದು ಏನೂ ಇಲ್ಲದಿರುವುದು. ಹಾರ್ನ್ ಇಲ್ಲ, ಮೈಕ್ ಇಲ್ಲ, ಮೀನಿನವನ ಕೂಗಿಲ್ಲ. ಮೊದಲ ಭಾನುವಾರ ನಾನು ಕಾಯಿಕಡ್ಲೆ ಚಟ್ನಿಗೆ ಮಿಕ್ಸಿ ತಿರುಗಿಸಿದೆ. ಬಾಗಿಲು ತಟ್ಟಿದ ಸದ್ದಾಯಿತು. ಕೆಳಗಿನ ಮಹಡಿಯ ಮುದುಕರು ನಿಂತಿದ್ದರು. ಏನೋ ಬಹಳ ವಿನಯದಿಂದ ಹೇಳಿದರು. ನನಗೆ ತಿಳಿಯಲಿಲ್ಲ. ಚಟ್ನಿಯ ಪರಿಮಳಕ್ಕೆ ಬಂದಿರಬೇಕೆಂದು ಒಂದು ಬಟ್ಟಲಿನಲ್ಲಿ ಹಾಕಿ ಕೊಟ್ಟೆ. ಅವರು ಬಟ್ಟಲನ್ನೂ ನನ್ನನ್ನೂ ನೋಡಿ, ಥ್ಯಾಂಕ್ಸ್ ಹೇಳಿ ಹೋದರು. ಭಾನುವಾರ ಇಲ್ಲಿ ಸದ್ದು ಮಾಡಬಾರದೆಂದು ಸುಚಿತ್ರಾ ಡ್ಯೂಟಿ ಮುಗಿಸಿ ಬಂದ ಮೇಲೆ ಹೇಳಿದಳು. ಮರುದಿನ ಬಟ್ಟಲು ತೊಳೆದು ಬಾಗಿಲ ಬಳಿ ಇಟ್ಟಿತ್ತು. ಚಟ್ನಿ ತಿಂದರೋ ಚೆಲ್ಲಿದರೋ ಇವತ್ತಿಗೂ ಗೊತ್ತಿಲ್ಲ.

ಇಳಾಳಿಗೆ ತುಳುವೂ ಜರ್ಮನ್ನೂ ಬರುತ್ತದೆ. ಇಲ್ಲಿ ಅವಳು ಆಡುವ ಮಾತನ್ನೆಲ್ಲ ನಾನು ತುಳುವಿನಿಂದ ಕನ್ನಡಕ್ಕೆ ತಂದದ್ದು ಎಂದು ತಿಳಿಯಿರಿ. ಮೊದಲ ಸಂಜೆಯೇ ಅವಳನ್ನು ಕೂರಿಸಿ ಸ್ಲೇಟಿನಲ್ಲಿ ಅ ಬರೆದು, ತಿದ್ದು ಎಂದೆ. ಎರಡು ಸಲ ತಿದ್ದಿದಳು. "ಇದು ಯಾವುದಕ್ಕೆ ಅಜ್ಜಿ?" ಎಂದು ಕೇಳಿದಳು. "ಬರೆಯುವುದಕ್ಕೆ" ಎಂದೆ. "ಎಂತ ಬರೆಯುವುದಕ್ಕೆ?" ಎಂದಳು. ಅಂಗನವಾಡಿಯಲ್ಲಿ ಈ ಪ್ರಶ್ನೆಯನ್ನು ಒಂದು ಮಗುವೂ ಕೇಳಿರಲಿಲ್ಲ. ನಾನು ಒಗ್ಗರಣೆ ಹಾಕಿ ಬರುವಷ್ಟರಲ್ಲಿ ಒಂದು ಸ್ಲೇಟು ಬಾಲ್ಕನಿಯ ಹೂಕುಂಡದಲ್ಲಿ ಬಸವನಹುಳುವಿನ ಮನೆಗೆ ಸೂರಾಗಿತ್ತು. ಮಳೆ ಬಂದರೆ ಅದು ನೆನೆಯುವುದಿಲ್ಲವಂತೆ.

ಇದು ಮನೆಯಲ್ಲಿ ಆಗುವ ಕೆಲಸವಲ್ಲ, ಆ ಕಾಡಿನ ಟೀಚರನ್ನೇ ಹಿಡಿದು, ಅಕ್ಷರ ಕಲಿಸಲು ದಿನಕ್ಕೊಂದು ಗಂಟೆ ಕೊಡಿ ಎಂದು ಕೇಳುವ ಎಂದು ತೀರ್ಮಾನಿಸಿದೆ.

ಟ್ರಾಮಿನ ಕೊನೆಯ ನಿಲ್ದಾಣ

ಕಾಡಿಗೆ ಹೊರಟ ದಿನ ಜಡಿಮಳೆ, ಮೇಲಿಂದ ಎಲುಬು ಕೊರೆಯುವ ಚಳಿ. ನಮ್ಮಲ್ಲಾದರೆ ಬೆಳಗ್ಗೆ ಎದ್ದ ತಕ್ಷಣ ಎಲ್ಲರ ಬಾಯಲ್ಲೂ ಒಂದೇ ಮಾತು, "ಡಿಸಿ ರಜೆ ಕೊಟ್ಟರಾ?" ಜಿಲ್ಲಾಧಿಕಾರಿಗಳ ರಜೆಯ ಸುದ್ದಿಗೆ ಕಾಯುತ್ತ ಅರ್ಧ ಬಂಟ್ವಾಳ ತಾಲೂಕು ಫೋನು ಹಿಡಿದು ಕೂತಿರುತ್ತದೆ. ನಾನೂ ಸುಚಿತ್ರಾಳನ್ನು ಕೇಳಿದೆ, "ಇವತ್ತು ರಜೆ ಇರ್ತದಲ್ಲ?"

"ಯಾಕೆ?"

"ಮಳೆ ನೋಡು."

ಅವಳು ನಕ್ಕು ಮಗುವಿಗೆ ಹೆಗಲಿನಿಂದ ಕಾಲಿನವರೆಗೆ ಮುಚ್ಚುವ ರಬ್ಬರಿನಂಥ ಚಡ್ಡಿ, ಅಂಗಿ, ಬೂಟು ತೊಡಿಸಿದಳು. ನನಗೂ ಒಂದು ಕೋಟು ಸಿಕ್ಕಿತು. ಒಳಗೆ ಸೀರೆ, ಮೇಲೆ ಕೋಟು, ಕಾಲಿಗೆ ಅವಳ ಬೂಟು. ಕನ್ನಡಿಯಲ್ಲಿ ನೋಡಿಕೊಂಡು ಊರಿನವರು ಯಾರೂ ಇಲ್ಲಿಲ್ಲ ಎಂದು ಸಮಾಧಾನ ಮಾಡಿಕೊಂಡೆ.

ಟ್ರಾಮು ಮುಗಿಯುವಲ್ಲಿ ಕಾಡು ಸುರುವಾಗುತ್ತದೆ. ಅಲ್ಲಿ ಇಂಥದೇ ವೇಷದ ಮಕ್ಕಳು ಬೆನ್ನಿಗೆ ಚೀಲ ಹಾಕಿಕೊಂಡು ನಿಂತಿದ್ದರು. ಟೀಚರಿನ ಹೆಸರು ಕಾತ್ರಿನ್. ನಮ್ಮ ಪಕ್ಕದ ಮನೆಯ ಕತ್ರೀನ್ ಬಾಯಿಯ ಹೆಸರೇ ಆದ್ದರಿಂದ ನನಗೆ ಅರ್ಧ ಧೈರ್ಯ ಬಂತು. ಕೆಲವು ದಿನ ಮಗುವಿನ ಜೊತೆ ನಾನು ಬರಲು ಸುಚಿತ್ರಾ ಮೊದಲೇ ಒಪ್ಪಿಗೆ ಪಡೆದಿದ್ದಳು. ಕಾತ್ರಿನಳ ಇಂಗ್ಲಿಷೂ ನನ್ನ ಇಂಗ್ಲಿಷೂ ಕೈಕೈ ಹಿಡಿದು ಕುಂಟುತ್ತಾ ನಡೆದವು. ದಾರಿ ತಪ್ಪಿದಲ್ಲಿ ಇಳಾ ಸರಿ ಮಾಡುತ್ತಿದ್ದಳು.

ಮಕ್ಕಳೆಲ್ಲ ಓಡಿದರು. ತಿರುವು ದಾಟಿ ಕಾಣದೇ ಹೋದರು. ನನ್ನ ಜೀವ ಬಾಯಿಗೆ ಬಂತು. "ಮಕ್ಕಳು! ಮಕ್ಕಳು!" ಎಂದು ನಾನೂ ಸೀರೆ ಎತ್ತಿ ಓಡಿದೆ. ಕಾತ್ರಿನ್ ಮಾತ್ರ ಮೆಲ್ಲಗೆ ಬರುತ್ತಿದ್ದಳು. ತಿರುವು ದಾಟಿದರೆ ಒಂದು ದೊಡ್ಡ ಮರ, ಅದರ ಬುಡದಲ್ಲಿ ಅಷ್ಟೂ ಮಕ್ಕಳು ಕಾಯುತ್ತ ನಿಂತಿದ್ದಾರೆ. ಆ ಮರದವರೆಗೆ ಯಾರು ಹೇಗೆ ಬೇಕಾದರೂ ಹೋಗಬಹುದು, ಮರ ದಾಟುವಂತಿಲ್ಲ. ಮುಂದೆ ಇನ್ನೊಂದು ಮರ. ಬೇಲಿ ಇಲ್ಲ, ಗೇಟು ಇಲ್ಲ, ಕೂಗು ಇಲ್ಲ. ನನ್ನ ಅಂಗನವಾಡಿಯಲ್ಲಿ ಸಹಾಯಕಿ ಒಂದು ಬಾಗಿಲಲ್ಲಿ, ನಾನು ಒಂದು ಬಾಗಿಲಲ್ಲಿ ನಿಂತರೂ ಒಬ್ಬ ರಸ್ತೆಯಲ್ಲಿರುತ್ತಿದ್ದ. ಮರದ ಕೆಳಗೆ ನಿಂತ ಆ ಮಕ್ಕಳನ್ನು ನೋಡುತ್ತ ನಾನು ಸುಮ್ಮನೆ ಏದುಸಿರು ಬಿಟ್ಟೆ.

ಒಂದು ಪೊದೆಯಲ್ಲಿ ಕೆಂಪು ಹಣ್ಣಿನ ಗೊಂಚಲಿತ್ತು. ನಮ್ಮ ಗುಡ್ಡೆಯಲ್ಲಿ ಕೇಪುಳ ಹಣ್ಣು ಕಂಡರೆ ಕೈ ತಾನೇ ಹೋಗುತ್ತದೆ. ಇಲ್ಲಿಯೂ ಹೋಯಿತು. ಬಾಯಿಗೆ ಹಾಕುವಷ್ಟರಲ್ಲಿ ನಾಲ್ಕೈದು ಮಕ್ಕಳು ಒಟ್ಟಿಗೆ "ನೈನ್" ಎಂದರು. ಬೇಡ ಎಂದು ಅರ್ಥ. ಕಾಡಿನದ್ದನ್ನು ಬಾಯಿಗೆ ಹಾಕಬಾರದಂತೆ. ಜೀವಮಾನವೆಲ್ಲ ಮಕ್ಕಳ ಬಾಯಿಂದ ಮಣ್ಣು, ಕಲ್ಲು, ಗುಂಡಿ ತೆಗೆಸಿದವಳು ಈಗ ಮಕ್ಕಳ ಮುಂದೆ ಹಣ್ಣು ಬಿಸಾಡಿದೆ.

ಕಾಡಿನ ಬಂಡಿ

ಅವರ ಶಾಲೆ ಎಂದರೆ ಚಕ್ರದ ಮೇಲೆ ನಿಂತ ಪುಟ್ಟ ಕೋಣೆಯಂಥ ಒಂದು ಮರದ ಬಂಡಿ. ಒಳಗೊಂದು ಕಟ್ಟಿಗೆ ಒಲೆ, ಗೋಡೆಯಲ್ಲಿ ಕೊಕ್ಕೆಗಳು. ಆದರೆ ಬಂಡಿಯೊಳಗೆ ಯಾರೂ ಕೂರುವುದಿಲ್ಲ. ಇಬ್ಬರು ಹುಡುಗಿಯರು ಇಳಿಜಾರಿನ ನೀರಿಗೆ ಕೆಸರಿನ ಕಟ್ಟ ಕಟ್ಟಿದರು. ನೀರು ಒಡೆದುಕೊಂಡು ಹೋಯಿತು. ಪುನಃ ಕಟ್ಟಿದರು. ಈ ಸಲ ಕಲ್ಲು ಕೆಳಗೆ, ಕಡ್ಡಿ ಮೇಲೆ. ನನ್ನ ನಾಲಿಗೆ ತುರಿಸುತ್ತಿತ್ತು, ಹೀಗಲ್ಲ ಹಾಗೆ ಎಂದು. ಕಾತ್ರಿನ್ ಹತ್ತಿರವೇ ಕೂತು ಚಹಾ ಕುಡಿಯುತ್ತಿದ್ದಳು, ಒಂದು ಮಾತೂ ಹೇಳಲಿಲ್ಲ. ಕೊನೆಗೆ ಮಕ್ಕಳೇ ಪಕ್ಕದಲ್ಲಿ ಸಣ್ಣ ತೋಡು ಬಿಟ್ಟು ಹೆಚ್ಚಿನ ನೀರಿಗೆ ದಾರಿ ಮಾಡಿದರು. ನಮ್ಮ ಕಡೆ ತೋಡಿಗೆ ಕಟ್ಟ ಹಾಕುವವರು ಮಾಡುವುದೂ ಅದೇ. ಹೇಳಿಕೊಡದೆ ಅದು ಅವರಿಗೆ ಹೇಗೆ ಬಂತು ಎಂದು ನನಗೆ ನಿಜಕ್ಕೂ ಮೈ ಜುಮ್ಮೆಂದಿತು.

"ಆಟದ ಮೂಲಕ ಕಲಿಕೆ" ಎಂಬ ಚಾರ್ಟು ನನ್ನ ಅಂಗನವಾಡಿಯ ಗೋಡೆಯಲ್ಲೂ ಇತ್ತು. ಬಂಟ್ವಾಳದಲ್ಲಿ ತರಬೇತಿಗೆ ಹೋದಾಗ ಕೊಟ್ಟದ್ದು. ಮಕ್ಕಳ ಅಮ್ಮಂದಿರು ಆ ಚಾರ್ಟಿನ ಕೆಳಗೇ ನಿಂತು, "ಟೀಚರೇ, ಇವನಿಗೆ ಎಬಿಸಿಡಿ ಯಾವಾಗ?" ಎಂದು ಕೇಳುತ್ತಿದ್ದರು. ಆ ಚಾರ್ಟೇ ಟೀಚರಾಗಿ ಮಳೆಯಲ್ಲಿ ನೆಂದು ಕೂತು ಚಹಾ ಕುಡಿಯುವುದನ್ನು ನಾನು ಕಂಡದ್ದು ಇಲ್ಲೇ.

ಆಮೇಲೆ ಕಾತ್ರಿನ್ ಒಂದು ಪೆಟ್ಟಿಗೆ ತೆರೆದಳು. ಒಳಗೆ ಚಾಕುಗಳು. ಆಟದ್ದಲ್ಲ, ಕೊಯ್ಯುವ ಚಾಕು. ಸಣ್ಣ ಮಕ್ಕಳಿಗೆ ತರಕಾರಿ ಸಿಪ್ಪೆ ತೆಗೆಯುವ ಪೀಲರ್, ದೊಡ್ಡ ಮಕ್ಕಳಿಗೆ ಚಾಕು. ಚಾಕು ಬೇಕಾದರೆ ಕೊರಳಲ್ಲಿ ಒಂದು ಮರದ ಬಿಲ್ಲೆ ಇರಬೇಕು. ಪರೀಕ್ಷೆ ಪಾಸಾದವರಿಗೆ ಮಾತ್ರ ಬಿಲ್ಲೆ. ಇಳಾಳ ಕೊರಳಲ್ಲಿ ಅದಿತ್ತು. ನಾನು ಅದನ್ನು ಸರವೆಂದು ತಿಳಿದಿದ್ದೆ.

ಇಳಾ ಮರದ ದಿಮ್ಮಿಯ ಮೇಲೆ ಕೂತು ಎರಡೂ ಕೈ ಅಗಲಕ್ಕೆ ಚಾಚಿ, ಯಾರಿಗೂ ತಾಗುವುದಿಲ್ಲ ಎಂದು ನೋಡಿ, ಒರೆಯಿಂದ ಚಾಕು ತೆಗೆದಳು. ನಮ್ಮ ಮನೆಯಲ್ಲಿ ಮಕ್ಕಳು ತರಕಾರಿ ಹೆಚ್ಚುವ ಮೆಟ್ಟುಕತ್ತಿಯ ಹತ್ತಿರ ಸುಳಿದರೂ ಬೆನ್ನಿಗೆ ಬೀಳುತ್ತದೆ. ನನಗೆ ತಡೆಯಲಾಗಲಿಲ್ಲ. ಹತ್ತಿರ ಹೋದೆ. ಇನ್ನೂ ಹತ್ತಿರ ಹೋದೆ. ಇಳಾ ತಲೆಯೆತ್ತಿ ನನ್ನನ್ನು ನೋಡಿದಳು, ಏನೋ ಹೇಳಲು ಬಾಯಿ ತೆರೆದು ಸುಮ್ಮನಾದಳು. ಚಾಕು ಕೈಯಲ್ಲಿದ್ದ ಮರದ ಕಡ್ಡಿಯ ಮೇಲೆ ಸರ್ರನೆ ಓಡಿದ್ದೇ ತಡ, "ಅಯ್ಯೋ ದೇವರೇ" ಎಂದು ಬಗ್ಗಿ ಕಸಿಯಲು ಹೋದೆ. ಹಿಡಿದದ್ದು ಅಲಗನ್ನು.

ನನ್ನ ಎಡಗೈಯಿಂದ ರಕ್ತ ಇಳಿಯಿತು. ಕಿರಿಚಿದವಳು ನಾನೊಬ್ಬಳೇ. ಇಳಾ ಚಾಕುವನ್ನು ಒರೆಯಲ್ಲಿ ಹಾಕಿ ಕೆಳಗಿಟ್ಟಳು. ಒಬ್ಬಳು ಕಾತ್ರಿನಳನ್ನು ಕರೆದಳು, ಇನ್ನೊಬ್ಬಳು ಕೆಂಪು ಚೀಲ ತಂದಳು. ಇಳಾ ಬಟ್ಟೆ ಒತ್ತಿ ಹಿಡಿದು, "ಕೈ ಮೇಲೆ ಹಿಡಿ ಅಜ್ಜಿ. ಎದೆಗಿಂತ ಮೇಲೆ. ಆಳ ಇಲ್ಲ" ಎಂದಳು. ನಾನು ಅವಳು ಹೇಳಿದಂತೆ ಕೇಳಿದೆ.

ಕಟ್ಟು ಕಟ್ಟಿ ಆದ ಮೇಲೆ ಇಳಾ ಎದ್ದು ನಿಂತು, ಕೊರಳಿನ ಬಿಲ್ಲೆಯನ್ನು ತಾನೇ ತೆಗೆದು ಕಾತ್ರಿನಳ ಕೈಯಲ್ಲಿಟ್ಟಳು. ಆಗ ಮಾತ್ರ ಅವಳ ಕಣ್ಣು ತುಂಬಿತು. ರಕ್ತ ಬಂದರೆ ಬಿಲ್ಲೆ ಕೊಡಬೇಕು, ಆಮೇಲೆ ಎಲ್ಲರೂ ಕೂತು ಮಾತಾಡಬೇಕು. ಅಲ್ಲಿಯ ಕ್ರಮ ಅದು. ಕೈ ಉರಿಯುವುದು ನನಗೆ ಮರೆತೇ ಹೋಯಿತು. ಮಗುವಿನ ಬಿಲ್ಲೆ ನನ್ನಿಂದ ಹೋಯಿತಲ್ಲ ಎಂಬುದೊಂದೇ ಯೋಚನೆಯಾಯಿತು.

ದಿಮ್ಮಿಗಳ ಸಭೆ

ಮಕ್ಕಳೆಲ್ಲ ದಿಮ್ಮಿಗಳ ಮೇಲೆ ಸುತ್ತ ಕೂತರು. ಕಾತ್ರಿನ್ ಏನಾಯಿತೆಂದು ಕೇಳಿದಳು. ಯಾರನ್ನೂ ಬೈಯಲಿಲ್ಲ. ಮುಂದಿನ ಹಲ್ಲು ಬಿದ್ದಿದ್ದ ಯೋನಾಸ್ ಎಂಬವನು ಕೈ ಎತ್ತಿ, ಇಳಾ ಸರಿಯಾಗಿ ಕೂತಿದ್ದಳು, ಅಜ್ಜಿಯೇ ಹತ್ತಿರ ಬಂದರು ಎಂದ. ಹತ್ತಿರ ಬಂದವರಿಗೆ "ನಿಲ್ಲಿ" ಎಂದು ಹೇಳಬೇಕಿತ್ತಲ್ಲ ಎಂದಳು ಇನ್ನೊಬ್ಬಳು. ಎಲ್ಲರೂ ಇಳಾಳನ್ನು ನೋಡಿದರು.

ಇಳಾ ಜರ್ಮನ್ನಿನಲ್ಲಿ ಮೆಲ್ಲಗೆ ಏನೋ ಹೇಳಿದಳು. ಆಮೇಲೆ ನನ್ನ ಕಡೆ ತಿರುಗಿ ತುಳುವಿನಲ್ಲಿ ಹೇಳಿದಳು: "ನಾನು ನೋಡಿದೆ ಅಜ್ಜಿ. ಆದರೆ ಅಜ್ಜಿಗೆ ದೂರ ಹೋಗು ಅಂತ ಹೇಳಬಾರದು ಅಂತ ಅಮ್ಮ ಹೇಳಿದ್ದಾಳೆ. ದೊಡ್ಡವರಿಗೆ ಹಾಗೆ ಹೇಳಬಾರದು ಅಲ್ವಾ?"

ಆ ಪಾಠವನ್ನು ಅವಳ ಅಮ್ಮನಿಗೆ ಹೇಳಿಕೊಟ್ಟವರು ನಾನು, ನನ್ನ ತಂಗಿ, ನಮ್ಮ ಇಡೀ ಊರು. ಅದು ತಪ್ಪೆಂದು ನನಗೆ ಈಗಲೂ ಅನ್ನಿಸುವುದಿಲ್ಲ. ಆದರೆ ಚಾಕು ಕೈಯಲ್ಲಿರುವಾಗ ಅದು ನಡೆಯುವುದಿಲ್ಲ.

"ನನಗೆ ಹೇಳಬಹುದು ಮಗಾ" ಎಂದೆ. "ಕೆಲಸ ಮಾಡುವಾಗ ನಾನು ಹತ್ತಿರ ಬಂದರೆ, ಅಜ್ಜಿ ಹಿಂದೆ ಹೋಗು ಅಂತ ಹೇಳು. ನಾನು ಹೋಗ್ತೇನೆ."

ಇಳಾ ಅದನ್ನು ಜರ್ಮನ್ನಿಗೆ ತಂದಳು. ಮಕ್ಕಳು ತಮ್ಮೊಳಗೆ ಮಾತಾಡಿಕೊಂಡು ತೀರ್ಪು ಕೊಟ್ಟರು: ಅಜ್ಜಿಗೆ ಕ್ರಮ ಗೊತ್ತಿಲ್ಲ, ಇಳಾ ಕಲಿಸಲಿ, ಅಜ್ಜಿ ಪರೀಕ್ಷೆ ಪಾಸಾದ ದಿನ ಇಳಾಳ ಬಿಲ್ಲೆ ವಾಪಸ್. ಕಾತ್ರಿನ್ ನನ್ನ ಮುಖ ನೋಡಿ, ಒಪ್ಪಿಗೆಯೇ ಎಂದು ಕೇಳಿದಳು. ನಾನು ಕಟ್ಟಿದ ಕೈಯನ್ನೇ ಎತ್ತಿದೆ.

ಆ ಸಂಜೆ ಮೂರನೇ ಮಹಡಿಯ ಅಡುಗೆಮನೆಯಲ್ಲಿ ಪಾಠ ನಡೆಯಿತು. ಕಲಿಸಲು ಬಂದವಳು ಕಲಿಯಲು ಕೂತೆ. ಪೀಲರ್, ಒಂದು ಕ್ಯಾರೆಟ್, ಎದುರಿಗೆ ಇಳಾ. ನಾನು ಅಭ್ಯಾಸಬಲದಿಂದ ಹೆಬ್ಬೆರಳನ್ನು ಆಚೆ ಇಟ್ಟು ನನ್ನ ಕಡೆಗೇ ಎಳೆದೆ. ಮಾವಿನಕಾಯಿಯಿಂದ ಬಾಳೆಕಾಯಿಯವರೆಗೆ ಒಂದು ಜನ್ಮವೆಲ್ಲ ಹಾಗೆಯೇ ಸಿಪ್ಪೆ ತೆಗೆದವಳು. "ಹೊರಗೆ ಅಜ್ಜಿ, ಹೊರಗೆ. ನಿನ್ನ ಕಡೆಗಲ್ಲ" ಎಂದಳು. ಎಷ್ಟು ಸಲ ತಪ್ಪಿದೆನೋ! ಒಂದು ಸಲವೂ ಅವಳು ಪೀಲರನ್ನು ನನ್ನ ಕೈಯಿಂದ ಕಸಿಯಲಿಲ್ಲ. ಸುಚಿತ್ರಾ ಡ್ಯೂಟಿಯಿಂದ ಬಂದು, "ಅಕ್ಷರ ಎಲ್ಲಿಗೆ ಬಂತು ದೊಡ್ಡಮ್ಮ?" ಎಂದು ಕೇಳಿದಳು. "ಕ್ಯಾರೆಟಿನವರೆಗೆ ಬಂತು" ಎಂದೆ.

ಕಾಡಿನ ಪರೀಕ್ಷೆಯಲ್ಲಿ ಮೊದಲ ಸಲ ಯೋನಾಸ್ ನನ್ನನ್ನು ಫೇಲ್ ಮಾಡಿದ. ಕೈ ಚಾಚಿ ನೋಡದೆ ಚಾಕು ತೆಗೆದಿದ್ದೆ. ಇಳಾ ಬಿಲ್ಲೆಯಿಲ್ಲದ ಕೊರಳು ಮುಟ್ಟಿಕೊಂಡಳು. ಮರುದಿನ ಕೂತೆ, ಕೈ ಚಾಚಿದೆ, ನನ್ನ ಕೈ ಉದ್ದವೆಂದು ಅಕ್ಕಪಕ್ಕದ ಮಕ್ಕಳು ಇನ್ನಷ್ಟು ಸರಿದು ಕೂತರು. ಅಲಗನ್ನು ಹೊರಕ್ಕೆ ತಳ್ಳಿದೆ. ಸಿಪ್ಪೆ ಸುರುಳಿಯಾಗಿ ಕಾಲಬುಡಕ್ಕೆ ಬಿತ್ತು, ಒಳಗಿನಿಂದ ಬಿಳಿ ಮರ ಹೊರಬಂತು. ಯಾರೂ ಹತ್ತಿರವಿಲ್ಲ, ಯಾರೂ ಹೀಗೆ ಮಾಡು ಎನ್ನುವುದಿಲ್ಲ, ಕಣ್ಣು ಕೈ ಎಲ್ಲ ಆ ಕಡ್ಡಿಯ ಮೇಲೆ. ಮಳೆ ಬರುತ್ತಿದ್ದುದೇ ನನಗೆ ಗೊತ್ತಾಗಲಿಲ್ಲ. ಈ ಮಕ್ಕಳು ದಿನವೂ ಹೀಗೆ ಇರುತ್ತಾರಲ್ಲ ಎಂದು ಹೊಟ್ಟೆಕಿಚ್ಚೂ ಆಯಿತು, ಕೈಮುಗಿಯಬೇಕೆಂದೂ ಅನ್ನಿಸಿತು.

ಪಾಸಾದೆ. ನನಗೊಂದು ಬಿಲ್ಲೆ ಸಿಕ್ಕಿತು. ಇಳಾಳಿಗೆ ಅವಳದು ವಾಪಸ್ ಸಿಕ್ಕಿತು. ಅವಳು ಅದನ್ನು ಅಂಗಿಯೊಳಗೆ ಹಾಕಿಕೊಂಡು ನನ್ನ ಸೊಂಟ ತಬ್ಬಿ ನಿಂತಳು.

ತನ್ನ ಕಡ್ಡಿಯ ಮೇಲೆ ಹೆಸರು ಕೊರೆಯಬೇಕು, ಹೇಗೆ ಬರೆಯುವುದು ತೋರಿಸು ಎಂದು ಅವಳಾಗಿಯೇ ಕೇಳಿದ್ದು ಆಮೇಲೆ. ನಾನು ಕೆಸರಿನ ಮೇಲೆ ಬೆರಳಲ್ಲಿ ಇ ಬರೆದೆ, ಳಾ ಬರೆದೆ. ಅವಳು ಇಡೀ ಬೆಳಗ್ಗೆ ಅದನ್ನೇ ನೋಡಿ ನೋಡಿ ಕೊರೆದಳು. ಯೋನಾಸನಿಗೂ ಅವನ ಹೆಸರು ಬೇಕಾಯಿತು. ಬರೆದುಕೊಟ್ಟೆ. ಅದರ ಸುರುಳಿಗಳನ್ನು ನೋಡಿ, ಇದು ಹುಳುವಿನ ದಾರಿಯ ಹಾಗಿದೆ ಎಂದನಂತೆ. ದಿನಕ್ಕೊಂದು ಗಂಟೆ ಕೊಡಿ ಎಂದು ಕಾತ್ರಿನಳನ್ನು ಕೇಳಲು ಮರೆತೇ ಹೋಯಿತು ಎಂದರೆ ಸುಳ್ಳು. ನೆನಪಿತ್ತು, ಕೇಳಲಿಲ್ಲ. ಊರಿಗೆ ಹೊರಡುವಾಗ ಇಳಾಳಿಗೆ ಬರುತ್ತಿದ್ದದ್ದು ಅವೆರಡೇ ಅಕ್ಷರ.

ಮೂಡುಬಿದಿರೆ

ಊರಿಗೆ ಬಂದ ಮೇಲೆ ನನ್ನ ಧೈರ್ಯವೆಲ್ಲ ಬೆವರಿನ ಜೊತೆ ಇಳಿಯಿತು. ಶಾಲೆಯ ವರಾಂಡದಲ್ಲಿ ಇಸ್ತ್ರಿ ಹಾಕಿದ ಅಂಗಿಯ ಮಕ್ಕಳು ಗುನುಗುನು ಎಂದು ಕಂಠಪಾಠ ಮಾಡುತ್ತಿದ್ದರು. ಇದೊಂದು ಸೀಟು ಹೋದರೆ ಇನ್ನೆಲ್ಲೂ ಅಡ್ಮಿಶನ್ ಇಲ್ಲ ಎಂದು ಸುಚಿತ್ರಾಳ ಗಂಡ ಮೊದಲೇ ಹೇಳಿದ್ದ. ಅವಳು ದಾರಿಯುದ್ದಕ್ಕೂ ನನ್ನೊಡನೆ ಮಾತಾಡಿರಲಿಲ್ಲ. ಅವಳ ಸಿಟ್ಟಿನಲ್ಲಿ ತಪ್ಪೇನಿಲ್ಲ. ಮಾತು ಕೊಟ್ಟವಳು ನಾನು.

ಹೆಡ್ ಮೇಡಂ ಒಂದು ಹಾಳೆ, ಪೆನ್ಸಿಲು ಮುಂದಿಟ್ಟರು. "ಬರಿ ಪುಟ್ಟಾ, ನಿನಗೆ ಎಂತೆಲ್ಲ ಬರ್ತದೆ ಬರಿ" ಎಂದು ತುಳುವಿನಲ್ಲೇ ಹೇಳಿದರು. ಸುಚಿತ್ರಾ ಎಡದಿಂದ ಬಗ್ಗಿದಳು. ನಾನು ಬಲದಿಂದ ಬಗ್ಗಿದೆ. "ಎ ಬರಿ, ಎ" ಎಂದು ಪಿಸುಗುಟ್ಟಿದೆ. ನನ್ನ ಬೆರಳು ಆಗಲೇ ಹಾಳೆಯ ಮೇಲಿತ್ತು.

ಇಳಾ ಪೆನ್ಸಿಲು ಕೆಳಗಿಟ್ಟಳು. ಎರಡೂ ಕೈ ಅಗಲಕ್ಕೆ ಚಾಚಿದಳು. ಒಂದು ಕೈ ಅವಳಮ್ಮನಿಗೆ ತಾಗಿತು, ಒಂದು ನನಗೆ.

"ಅಜ್ಜಿ, ಹಿಂದೆ ಹೋಗು" ಎಂದಳು. "ಅಮ್ಮ, ನೀನೂ."

ಮೇಡಮ್ಮಿನ ಹುಬ್ಬು ಮೇಲೇರಿತು. "ಅಜ್ಜಿಯ ಹತ್ತಿರ ಹೀಗಾ ಮಾತಾಡುವುದು?"

ಸೀಟು ಹೋಯಿತು ಎಂದುಕೊಂಡೆ. ಇಳಾ ನನ್ನನ್ನೇ ನೋಡುತ್ತಿದ್ದಳು. ಕಾಡಿನಲ್ಲಿ ಬಾಯಿ ತೆರೆದು ಸುಮ್ಮನಾದಾಗ ನೋಡಿದ್ದಳಲ್ಲ, ಹಾಗೆಯೇ.

"ನಾನೇ ಹೇಳಿಕೊಟ್ಟದ್ದು ಮೇಡಂ" ಎಂದೆ. ಕುರ್ಚಿಯನ್ನು ಕರಕರ ಎಂದು ಹಿಂದಕ್ಕೆ ಎಳೆದೆ. ಸುಚಿತ್ರಾ ನನ್ನ ಮುಖ ನೋಡಿ, ಒಂದು ಕ್ಷಣ ತಡೆದು, ತಾನೂ ಎಳೆದಳು.

ಇಳಾ ಪೆನ್ಸಿಲು ತೆಗೆದುಕೊಂಡು ನಿಧಾನಕ್ಕೆ, ಹಾಳೆ ಹರಿಯುವಷ್ಟು ಒತ್ತಿ, ಇ ಬರೆದಳು. ಳಾ ಬರೆದಳು. ಪೆನ್ಸಿಲು ಕೆಳಗಿಟ್ಟಳು.

"ಇಷ್ಟೇಯಾ?"

"ಈಗ ಇಷ್ಟೇ. ನಿಮ್ಮ ಹೆಸರು ಹೇಗೆ ಬರೆಯುವುದು ತೋರಿಸಿದರೆ ಅದೂ ಬರೀತೇನೆ."

ಮೇಡಂ ಹಾಳೆಯನ್ನು ತಮ್ಮ ಕಡೆ ತಿರುಗಿಸಿ ತಮ್ಮ ಹೆಸರು ಬರೆದರು. ಮತ್ತೆ ಅವಳ ಕಡೆ ತಿರುಗಿಸಿ, ಕೈ ಮಡಚಿ ಹಿಂದೆ ಒರಗಿ ಕೂತರು. ಹೊರಗೆ ಇನ್ನೊಂದು ಮಗುವಿನ ಸರದಿ ಬಂದು ನಿಂತಿತ್ತು. ಅವರು ಅವಸರ ಮಾಡಲಿಲ್ಲ. ಇಳಾ ನೋಡಿ ನೋಡಿ ಕೊನೆಯ ಕೊಂಬಿನವರೆಗೂ ಬರೆದಳು. ಒಂದಕ್ಷರ ಉಲ್ಟಾ ಆಗಿತ್ತು. ಅವಳೇ ಕಂಡುಹಿಡಿದು ಅಳಿಸಿ ಪುನಃ ಬರೆದಳು.

"ಶಾಲೆ ಸುರುವಾಗುವ ದಿನ ಕಳಿಸಿ" ಎಂದರು ಮೇಡಂ. "ಯುಕೆಜಿಗೇ. ಉಳಿದ ಅಕ್ಷರ ಇಲ್ಲೇ ಕಲಿಯುವ."

ಸುಚಿತ್ರಾ ಅತ್ತೇ ಬಿಟ್ಟಳು. ನಾನು ಅಳಲಿಲ್ಲ, ಮೂಗು ಒರೆಸಿಕೊಂಡೆ ಅಷ್ಟೇ.

"ಮತ್ತೆ ಜೂನಲ್ಲಿ ಮಳೆ ಜೋರಿದ್ದರೆ ಹೊರಡುವ ಮೊದಲು ಫೋನ್ ನೋಡಿ. ರಜೆ ಇರ್ತದೆ" ಎಂದರು.

ಇಳಾ ಬಾಗಿಲವರೆಗೆ ಹೋದವಳು ತಿರುಗಿ ಬಂದು ಮೇಡಮ್ಮಿನ ಮೇಜಿನ ಮುಂದೆ ನಿಂತಳು.

"ಮಳೆ ಬಂದರೆ ಯಾಕೆ ರಜೆ?"

ಮೇಡಂ ನನ್ನ ಕಡೆ ನೋಡಿದರು. ನಾನು ಕುರ್ಚಿಯನ್ನು ಇನ್ನೂ ಒಂದು ಗೇಣು ಹಿಂದಕ್ಕೆ ಎಳೆದುಕೊಂಡೆ.